ಹಳೇ ಕೋವಿಗಳಿಗೆ ಎಣ್ಣೆ ಹಚ್ಚುವ ಕೈ

ಬೆಳಗಿನ ನಮಾಜು ಮುಗಿದಿದೆ. ತುಮಕೂರಿನ ಹಳೇ ಪೇಟೆಯ ಗಲ್ಲಿಗೆ ಹಾಲಿನ ಸೈಕಲ್ಲು ಇನ್ನೂ ಬಂದಿಲ್ಲ. ಬೀಗ, ಸ್ಟೌ ರಿಪೇರಿ ಮಾಡುವ ರಹಮತ್ ಉಲ್ಲಾ ಅಂಗಡಿಯ ಅರ್ಧ ಬಾಗಿಲು ತೆರೆದು, ತೊಡೆಯ ಮೇಲೆ ಉದ್ದನೆಯ ಕೋವಿಯೊಂದನ್ನು ಮಲಗಿಸಿಕೊಂಡು ಕೂತಿದ್ದಾರೆ. ಇನ್ನೂರು ವರ್ಷದ ಹಿಂದೆ ಬ್ರಿಟಿಷ್ ಸೈನ್ಯದ ಯಾರೋ ಹೊತ್ತು ತಿರುಗಿದ್ದು. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿದರೆ ಮಾತ್ರ ಗುಂಡು ಸಿಡಿಯುವಂಥದ್ದು. ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಅದರ ಮರದ ಮೈಮೇಲೆ ನಿಧಾನವಾಗಿ ಓಡಾಡುತ್ತದೆ.

"ಮರ ಒಣಗಿದ್ರೆ ಬಿರುಕು ಬಿಡುತ್ತೆ ಸಾರ್. ಕಬ್ಬಿಣಕ್ಕೆ ಬೇರೆ ಎಣ್ಣೆ."

ರಹಮತ್ ಉಲ್ಲಾಗೆ ಈಗ ಐವತ್ತೆಂಟು. ಇಪ್ಪತ್ತೆರಡು ವರ್ಷದ ಹಿಂದೆ, 1982ರಲ್ಲಿ, ಬೀಗಕ್ಕೊಂದು ಸ್ಪ್ರಿಂಗು ಹುಡುಕುತ್ತಾ ಗುಜರಿ ಅಂಗಡಿಗೆ ಹೋಗಿದ್ದರು. ಅಲ್ಲಿ ಕಬ್ಬಿಣದ ರಾಶಿಯಲ್ಲಿ ಮೊದಲ ಕೋವಿ ಸಿಕ್ಕಿತು. "ಬಿಚ್ಚಿ ನೋಡಿದ್ರೆ ಒಳಗೆ ಬೀಗದಂಗೇ ಸ್ಪ್ರಿಂಗು! ಯಾರೋ ಕೈಯಲ್ಲೇ ಅರ ಉಜ್ಜಿ ಮಾಡವ್ನೆ. ಅವ್ನೂ ನನ್ನಂಥೋನೇ ಅಲ್ವಾ ಅನ್ನಿಸ್ತು." ಅಲ್ಲಿಂದ ರಜೆಯ ದಿನ ಇಂಥವನ್ನೇ ಹುಡುಕಿಕೊಂಡು ಬಸ್ಸು ಹತ್ತಿ ಗುಬ್ಬಿ, ಕುಣಿಗಲ್, ಹುಲಿಯೂರುದುರ್ಗ ಸುತ್ತುವುದು ರೂಢಿಯಾಯಿತು. ಈಗ ಅವರ ಬಳಿ ಇರುವುದು ನಾಲ್ಕು ಕೋವಿ, ಕೋವಿಯ ತುದಿಗೆ ಸಿಕ್ಕಿಸುವ ಒಂಬತ್ತು ಬಯೋನೆಟ್ಟು.

ಅದರಲ್ಲೊಂದು ಬಯೋನೆಟ್ಟು ಗುಬ್ಬಿ ಕಡೆಯ ರಂಗಮ್ಮನವರ ಹಿತ್ತಲಲ್ಲಿ ನೆಟ್ಟಗೆ ನೆಲದಲ್ಲಿ ಹೂತಿತ್ತು. "ನಮ್ಮತ್ತೆ ಕಾಲದಿಂದ್ಲೂ ಇದ್ರಲ್ಲೇ ಕಾಯಿ ಸುಲೀತಿದೀವಿ ಸಾಬ್ರೆ. ಕೊಟ್ಬುಟ್ರೆ ನಾವೇನ್ ಹಲ್ಲಲ್ಲಿ ಸುಲಿಯದಾ?" ಎಂದಿದ್ದರು ಆಕೆ. ರಹಮತ್ ಉಲ್ಲಾ ಕುಲುಮೆಯಲ್ಲಿ ತಾವೇ ಬಡಿದು, ಅದಕ್ಕಿಂತ ಚೂಪಾದ ಸಲಾಕೆಯೊಂದನ್ನು ಮಾಡಿಕೊಂಡು ಮುಂದಿನ ವಾರ ಹೋದರು. ನೂರು ಕಾಯಿ ಸುಲಿದು ನೋಡಿದ ಮೇಲೆಯೇ ರಂಗಮ್ಮ ಒಪ್ಪಿದ್ದು.

1998ರಲ್ಲಿ ಯಾರೋ ಅರ್ಜಿ ಬರೆದರು. ಸಾಬರ ಮನೆಯಲ್ಲಿ ಬಂದೂಕು ತುಂಬಿವೆ ಎಂದು. ಪೊಲೀಸರು ಬಂದು ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಒಯ್ದರು. ಗಲ್ಲಿಯವರು ಬೀಗ ತರುವುದನ್ನು ನಿಲ್ಲಿಸಿದರು. ಮಗಳು ಐಮನ್‌ಗೆ ಗೊತ್ತುಮಾಡಿದ್ದ ಮದುವೆ ಸಂಬಂಧ ಮುರಿಯಿತು. "ಆ ಕಬ್ಬಿಣ ಅಲ್ಲೇ ಕೊಳೀಲಿ ಬಿಡ್ರೀ ಅಂದಿದ್ದೆ" ಎನ್ನುತ್ತಾರೆ ಹೆಂಡತಿ ಮುನವ್ವರಾ. "ಇವ್ರು ಅವತ್ತು ಅನ್ನ ಮುಟ್ಟಲಿಲ್ಲ."

ಮುಂದಿನ ಶುಕ್ರವಾರ ರಹಮತ್ ಉಲ್ಲಾ ನಮಾಜು ಮುಗಿಸಿ, ಎಣ್ಣೆ ಬಾಟಲಿ ಹಿಡಿದು ಠಾಣೆಗೇ ಹೋದರು. "ವಾಪಸ್ ಕೇಳ್ತಿಲ್ಲ ಸಾರ್. ತುಕ್ಕು ಹಿಡಿಯುತ್ತೆ, ಒರೆಸ್ಕೊಂಡು ಹೋಗ್ತೀನಿ." ನಕ್ಕವರು ನಕ್ಕರು. ಮುಖ್ಯಪೇದೆ ಅಂಜಿನಪ್ಪ ಮಾತ್ರ ಇನ್‌ಸ್ಪೆಕ್ಟರ್ ಸಾಹೇಬರ ಅಪ್ಪಣೆ ಕೇಳಿ ಗೋಣಿ ಬಿಚ್ಚಿಸಿದರು. ಎಂಟು ತಿಂಗಳು, ಒಂದು ಶುಕ್ರವಾರವೂ ತಪ್ಪಲಿಲ್ಲ. ಆಮೇಲಾಮೇಲೆ ಅಂಜಿನಪ್ಪನವರೂ ಒಂದು ಬಟ್ಟೆ ಹಿಡಿದು ಪಕ್ಕದಲ್ಲಿ ಕೂರತೊಡಗಿದರು.

ಕೊನೆಗೆ ಹಳೇ ಆಯುಧಗಳ ಬಗ್ಗೆ ತಿಳಿದ ಸರ್ಕಾರಿ ತಜ್ಞರೊಬ್ಬರು ಬಂದು ಪರೀಕ್ಷಿಸಿ, ಇವು ಸಿಡಿಯುವ ಸ್ಥಿತಿಯಲ್ಲಿಲ್ಲ, ಕಾಪಾಡಬೇಕಾದ ಹಳೆಯ ವಸ್ತುಗಳು ಎಂದು ಬರೆದುಕೊಟ್ಟರು. ಹಿಂತಿರುಗಿಸುವ ದಿನ ಗೋಣಿಯನ್ನು ಆಟೋದವರೆಗೆ ಹೊತ್ತು ತಂದವರು ಅಂಜಿನಪ್ಪನವರೇ. ಯೂನಿಫಾರ್ಮಿನಲ್ಲೇ ಆಟೋ ಹತ್ತಿ, ಇಡೀ ಗಲ್ಲಿ ನೋಡುವಂತೆ ಮನೆಬಾಗಿಲಲ್ಲಿ ಇಳಿದರು. "ಟೀ ಕುಡ್ಕೊಂಡೇ ಹೋಗೋದು ಕಣಮ್ಮ" ಎಂದು ಜಗಲಿಯ ಮೇಲೆ ಅರ್ಧ ಗಂಟೆ ಕೂತರು. ಮುನವ್ವರಾ ಒಳಕೋಣೆಯಲ್ಲಿ ಕಂಬಳಿ ಹಾಸಿ, ಕೋವಿಗಳನ್ನು ಒಂದೊಂದಾಗಿ ತಾವೇ ಮಲಗಿಸಿದರು. ಮರುದಿನ ಎದುರುಮನೆಯವರು ಕೆಟ್ಟ ಬೀಗವೊಂದನ್ನು ತಂದರು. ಐಮನ್ ಈಗ ಕುಣಿಗಲ್ಲಿನಲ್ಲಿದ್ದಾಳೆ, ಎರಡು ಮಕ್ಕಳ ತಾಯಿ.

ಇವನ್ನು ಯಾವುದಾದರೂ ಸ್ಕೂಲಿಗೆ ಕೊಡಬೇಕು, ಮಕ್ಕಳು ಹತ್ತಿರದಿಂದ ನೋಡಬೇಕು ಎನ್ನುವುದೊಂದೇ ರಹಮತ್ ಉಲ್ಲಾರ ಆಸೆ. ಮಾತಾಡುತ್ತಲೇ ಕೋವಿಯನ್ನು ಬಟ್ಟೆಯಲ್ಲಿ ಸುತ್ತುತ್ತಾರೆ.

"ಎಷ್ಟು ಜನರ ಪ್ರಾಣ ತೆಗೆದವೋ, ನಂಗೊತ್ತಿಲ್ಲ. ನನ್ ಕೈಗೆ ಬಂದ್ಮೇಲೆ ಒಂದ್ಸಲಾನೂ ಸಿಡಿದಿಲ್ಲ ಸಾರ್."