"ಪರಾಕಾಷ್ಠೆ ಅಂದ್ರೇನು ಮಿಸ್?"

1999ರ ಜೂನ್. ಬಿ.ಎಡ್. ಮುಗಿಸಿ ತುಮಕೂರಿನ ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತಿದ್ದೆ. ಕನ್ನಡ ಮೀಡಿಯಂನವಳು ಇಂಗ್ಲಿಷ್ ಏನು ಕಲಿಸುತ್ತಾಳೆ ಎಂದು ಎರಡು ಶಾಲೆಯವರು ವಾಪಸು ಕಳಿಸಿದ್ದರು. "ಇದೊಂದ್ ಸಲ ನೋಡು. ಆಗ್ಲಿಲ್ಲ ಅಂದ್ರೆ ಸುಮ್ನೆ ಮದ್ವೆಗೆ ಒಪ್ಕೊ" ಎಂದಿದ್ದರು ಅಪ್ಪ. ನನಗೂ ಹಠ. ಕೆಲಸ ಹಿಡಿದೇ ಬರುತ್ತೇನೆ ಎಂದು ಗುಬ್ಬಿ ಬಸ್ಸು ಹತ್ತಿದೆ.

ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಮಾದರಿ ಪಾಠ. ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೂತರು. ನಮ್ಮ ಮೇಷ್ಟ್ರುಗಳು ಕಲಿಸಿದ ಕ್ರಮವೇ ನನಗೂ ಗೊತ್ತಿದ್ದದ್ದು. ಬೋರ್ಡಿನ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಗೈಡಿನಲ್ಲಿರುವ ಅರ್ಥ, ಆಮೇಲೆ ಮೂರು ಸಲ ಒಟ್ಟಿಗೆ ಹೇಳಿಸುವುದು. 'ಕಲ್ಮಿನೇಟ್' ಎಂಬ ಪದ ಬರೆದು, ಎದುರಿಗೆ 'ಪರಾಕಾಷ್ಠೆ ತಲುಪು' ಎಂದು ಬರೆದೆ. ಮಕ್ಕಳು ಸೂರು ಹಾರಿಹೋಗುವಂತೆ ಕೂಗಿದರು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ಪರಾಕಾಷ್ಠೆ ಅಂದ್ರೇನು?"

ಏನೋ ದೊಡ್ಡದು ಅನ್ನುವಷ್ಟು ಗೊತ್ತಿತ್ತು, ಬಿಡಿಸಿ ಹೇಳಲು ಬರಲಿಲ್ಲ. ಉರು ಹೊಡೆದಿದ್ದೆನೇ ಹೊರತು ನಾನು ಯಾರನ್ನೂ ಕೇಳಿದವಳಲ್ಲ. ಹೆಡ್‌ಮಾಸ್ಟರು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. "ಕೂತ್ಕೊಳೇ" ಎಂದು ಗದರಿಸಿ ಮುಂದಕ್ಕೆ ಹೋಗಬಹುದಿತ್ತು, ನಮ್ಮ ಮೇಷ್ಟ್ರುಗಳು ಹಾಗೇ ಮಾಡುತ್ತಿದ್ದರು. ಕೆಲಸ ಸಿಗದಿದ್ದರೂ ಸರಿ, ಗದರಿಸುವುದಿಲ್ಲ ಎಂದು ಗೈಡಿನ ಅರ್ಥವನ್ನು ಒರೆಸಿಬಿಟ್ಟೆ.

"ನಿಮ್ಮೂರಲ್ಲಿ ನಾಟ್ಕ ಕಲೀತಾರಲ್ಲ, ಹಾರ್ಮೋನಿಯಂ ಮೇಷ್ಟ್ರು ತಿಂಗ್ಳುಗಟ್ಲೆ ಪ್ರಾಕ್ಟೀಸ್ ಮಾಡಿಸ್ತಾರೆ. ಅದು ಕೊನೇಗೆ ಎಲ್ಲಿಗೆ ಬಂದು ಮುಟ್ಟುತ್ತೆ?"

"ಸ್ಟೇಜಿಗೆ ಮಿಸ್!" ಎಂದಿತು ಇಡೀ ಕ್ಲಾಸು.

"ಇಲ್ಲ ಮಿಸ್, ಜಗಳಕ್ಕೆ!" ಎಂದಳು ಅದೇ ಹುಡುಗಿ. "ನಮ್ಮಪ್ಪಂಗೆ ರಾಜನ ಪಾರ್ಟು ಕೊಡ್ಲಿಲ್ಲ ಅಂತ ಮೊದ್ಲು ಮಾತು ಬಿಟ್ರು, ಆಮೇಲೆ ಬೈದಾಡುದ್ರು, ಕೊನೇಗೆ ಮರದ ಕತ್ತಿ ತಗೊಂಡೇ ಹೊಡೆದಾಡುದ್ರು. ನಾಟ್ಕನೇ ಆಗ್ಲಿಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಅದೇ ಕಣಮ್ಮ ಕಲ್ಮಿನೇಟ್!" ಎಂದೆ. "ಬೆಳೀತಾ ಬೆಳೀತಾ ಹೋಗಿ ಕೊನೇಗೆ ಒಂದು ಕಡೆ ಮುಟ್ಟೋದು. ಅದು ಒಳ್ಳೇದೇ ಆಗ್ಬೇಕು ಅಂತೇನಿಲ್ಲ." ಅವಳಪ್ಪನ ಜಗಳವನ್ನೇ ಇಂಗ್ಲಿಷ್ ವಾಕ್ಯ ಮಾಡಿ ಬೋರ್ಡಿನ ಮೇಲೆ ಬರೆದೆ. ತಾವೂ ಒಂದೊಂದು ವಾಕ್ಯ ಹೇಳುತ್ತೇವೆ ಎಂದು ಹತ್ತಾರು ಕೈ ಮೇಲೆದ್ದವು.

ಹೊರಗೆ ಬಂದಾಗ ಹೆಡ್‌ಮಾಸ್ಟರು ಕೇಳಿದರು. "ಮಧ್ಯದಲ್ಲಿ ನಿಂತೋದ್ರಲ್ಲಮ್ಮ, ಯಾಕೆ?"

"ಅಲ್ಲೀವರೆಗೂ ನಂಗೂ ಸರಿಯಾಗಿ ಗೊತ್ತಿರ್ಲಿಲ್ಲ ಸಾರ್."

ಅವರು ನಕ್ಕು, "ಸೋಮವಾರದಿಂದ ಬನ್ನಿ" ಎಂದರು.

ನನ್ನ ಮಗಳ ಹಠ ದೊಡ್ಡದು ಎಂದು ಅಪ್ಪ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದರು. ನನಗೆ ಮಾತ್ರ ಆ ದಿನ ನೆನೆದರೆ ಈಗಲೂ ಸಂತೋಷದ ಜೊತೆಗೆ ನಾಚಿಕೆಯೂ ಆಗುತ್ತದೆ. ಆ ಹುಡುಗಿ ಎದ್ದು ನಿಲ್ಲದಿದ್ದರೆ, ನನಗೇ ಗೊತ್ತಿಲ್ಲದ್ದನ್ನು ಮಕ್ಕಳಿಂದ ಗಟ್ಟಿಯಾಗಿ ಕೂಗಿಸುತ್ತಲೇ ನಾನು ರಿಟೈರ್ ಆಗಿಬಿಡುತ್ತಿದ್ದೆ.