ಏಳೋದು ನೋಡಿ

ಬೆಂಗಳೂರಿನ ಹೂಡಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಓನರ್ ಅಕ್ಕ, ತಾವು ಸಾಕಿದ್ದ ಜರ್ಮನ್ ಶೆಫರ್ಡ್ ನಾಯಿ ಜಾರಬಾರದೆಂದು, ಹೊಳೆಯುವ ಟೈಲ್ಸ್ ಮೇಲೆಲ್ಲ ಗೋಣಿಚೀಲ ಹಾಸಿದ್ದರು. ಮನೆ ಅಕ್ಕಿಮಂಡಿಯಂತೆ ಕಾಣುತ್ತಿತ್ತು. ನಾಯಿಯ ಓಟವನ್ನು ಯಾರಾದರೂ ಹೊಗಳಿದರೆ, "ಓಡೋದಲ್ಲ, ಏಳೋದು ನೋಡಿ" ಎನ್ನುತ್ತಿದ್ದರು.

ಒಂದು ಭಾನುವಾರ ಮಹದೇವಪುರದವರೊಬ್ಬರು ತಮ್ಮ ಹೆಣ್ಣುನಾಯಿಯನ್ನು ಕ್ರಾಸಿಂಗ್ ಮಾಡಿಸಿ ಮರಿ ಪಡೆಯಲೆಂದು ಕರೆತಂದರು. ಮಲಗಿದ್ದ ತಮ್ಮ ಗಂಡುನಾಯಿಯನ್ನು ಅಕ್ಕ ಕರೆದರು. ಅದು ಮುಂಗಾಲೂರಿ, ಹಿಂಭಾಗವನ್ನು ಎಳೆದುಕೊಂಡು, ಕಷ್ಟಪಟ್ಟು ಎದ್ದಿತು.

"ನೋಡಿದ್ರಾ? ಸೊಂಟದ ಕೀಲು ಸಡಿಲ. ಎಕ್ಸ್‌ರೇ ನೋಡಿ ಡಾಕ್ಟ್ರು ಅಂದ್ರು, ಇದು ವಂಶದಲ್ಲೇ ಬರೋದಂತೆ. ಕ್ರಾಸಿಂಗ್ ಬೇಡ."

"ಮರಿಗಳು ಚೆನ್ನಾಗೇ ಕಾಣ್ತವೆ ಬಿಡಿ ಅಕ್ಕ. ಯಾರಿಗೂ ಗೊತ್ತಾಗಲ್ಲ."

ಇಡೀ ಬೀದಿಗೆ ಕೇಳುವಂತೆ ಮಾತಾಡುವ ಅಕ್ಕ, ನಾಯಿಯ ಸೊಂಟಕ್ಕೆ ಕೈಯಾನಿಸಿ, ಮೆಲ್ಲಗೆ ಅಂದರು: "ಮರಿಗೆ ಗೊತ್ತಾಯ್ತದಲ್ಲಪ್ಪ."