ಶರಣಪ್ಪ ತಿದ್ದಿದ ಮುಖಗಳು

ಶರಣಪ್ಪನವರ ಕೈಗೆ ಸಿಕ್ಕಿದ ಮೇಲೆ ಸತ್ತವರೆಲ್ಲ ಒಂದು ಸುತ್ತು ದಪ್ಪಗಾಗುತ್ತಿದ್ದರು. ಕೂಕಟ್‌ಪಲ್ಲಿಯಲ್ಲಿ ನಮ್ಮ ಫ್ಲ್ಯಾಟಿನ ಹಿಂದಿನ ಗಲ್ಲಿಯಲ್ಲಿ, ಫೋಟೋಗಳಿಗೆ ಕಟ್ಟು ಹಾಕುವ ಸಣ್ಣ ಅಂಗಡಿ ಅವರದು. ಮಾದಾಪುರದ ಗಾಜಿನ ಆಫೀಸುಗಳನ್ನು ಕಟ್ಟಲು ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಕೂಲಿಯವರು ತೀರಿಕೊಂಡ ಅಪ್ಪನದೋ ಅವ್ವನದೋ ಹಳೆಯ ಫೋಟೋ ಹಿಡಿದು ಅಲ್ಲಿಗೆ ಬರುತ್ತಿದ್ದರು. ಶರಣಪ್ಪ ಆ ಫೋಟೋದ ಮೇಲೆಯೇ ಬಣ್ಣ ಹಚ್ಚಿ ತಿದ್ದುತ್ತಿದ್ದರು. ಗುಳಿಬಿದ್ದ ಕೆನ್ನೆ ತುಂಬಿಕೊಳ್ಳುತ್ತಿತ್ತು, ಮಾಸಿದ ಸೀರೆಗೆ ಜರಿಯಂಚು ಬರುತ್ತಿತ್ತು, ಜೀವಮಾನದಲ್ಲಿ ಗಡಿಯಾರ ಕಟ್ಟದ ಮುದುಕನ ಮುಂಗೈಗೂ ಒಂದು ವಾಚು ಬೀಳುತ್ತಿತ್ತು.

"ಜೀವ ಇದ್ದಾಗ ಹೊಟ್ಟಿ ತುಂಬ ಉಣ್ಣಲಿಲ್ಲ ಪಾಪ. ಗ್ವಾಡಿ ಮ್ಯಾಲರೆ ಛಂದ ಕಾಣ್ಲಿ ಬಿಡ್ರಿ" ಎನ್ನುತ್ತಿದ್ದರು.

ನಾನು ಮೈಸೂರಿನವಳು. ಆಫೀಸಿನ ನಾಲ್ಕೈದು ಕನ್ನಡದವರು ಸೇರಿ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ತರಲು ಹೊರಟಿದ್ದೆವು. ಹಳೆಯ ಕತೆಗಾರರೊಬ್ಬರ ಜೀವನಚರಿತ್ರೆ. ಅವರ ಕತೆಗಳನ್ನು ಓದಿ ನಗದ ಮಗುವಿಲ್ಲ. ಬರೆದವರು ಮಾತ್ರ ಕುಡಿತಕ್ಕೆ ಬಿದ್ದು, ಮನಸ್ಸು ಕದಡಿ, ವರ್ಷಗಟ್ಟಲೆ ಯಾರೊಡನೆಯೂ ಮಾತಾಡದೆ ಕೂತವರು. ಬರವಣಿಗೆ ನನ್ನದು, ಚಿತ್ರ ಶರಣಪ್ಪನವರದು ಎಂದಾಯಿತು. ಆ ತೆಲುಗರ ಊರಿನಲ್ಲಿ ಬೇರೆ ಚಿತ್ರಗಾರರು ಸಿಕ್ಕಿದರೂ ಅವರಿಗೆ ಕನ್ನಡ ಓದಲು ಬರಬೇಕಲ್ಲ!

ಅವರು ಬರೆದು ತಂದ ಮೊದಲ ಚಿತ್ರ ನೋಡಿ ನಕ್ಕುಬಿಟ್ಟೆ. ಕತೆಗಾರರು ಜರಿಪೇಟ ಸುತ್ತಿ, ಮದುವೆ ಊಟ ಮುಗಿಸಿ ಬಂದ ಬೀಗರ ಹಾಗೆ ಕೂತಿದ್ದರು.

"ಶರಣಪ್ಪನವರೇ, ಇದು ಅವರಲ್ಲ. ನಾನು ಬರೆದದ್ದನ್ನು ಓದಿದಿರಿ ತಾನೆ?"

"ಓದೀನ್ರಿ ಮೇಡಂ. ನೀವು ಹಂಗ ಬರೀರಿ, ನಾ ಹಂಗ ತೆಗ್ಯಂಗಿಲ್ಲ. ಸತ್ತವರ ಮಾನ ಐತಿ, ಸಣ್ಣ ಮಕ್ಕಳು ನೋಡ್ತಾರ."

ನನಗೂ ಕೋಪ ಮೂಗಿನ ತುದಿಯಲ್ಲೇ. "ಮನೇಲಿ ಇಂಥದೇ ಅಪ್ಪನೋ ಚಿಕ್ಕಪ್ಪನೋ ಇರೋ ಮಗು ಈ ಪುಸ್ತಕ ತೆಗೆದರೆ, ಅದಕ್ಕೆ ಗುರುತು ಸಿಗಬೇಡವಾ?" ಎಂದೆ.

ಅವರು ಕುಂಚವನ್ನು ನೀರಿಗೆ ಹಾಕಿದರು. ಆಮೇಲೆ, ಮೊದಲ ಸಲ ನನ್ನನ್ನು ತಂಗಿ ಎಂದು ಕರೆದು ಹೇಳತೊಡಗಿದರು.

"ನನ್ನ ತಮ್ಮ ಮಲ್ಲ್ಯಾ ಬಾಲಾನಗರದಾಗ ಕಾರ್ಖಾನಿಗೆ ಹೋಗ್ತಿದ್ದ, ತಂಗಿ. ಏನ್ ಚಿಂತಿ ಹತ್ತಿತೋ, ಕುಡ್ಯಾಕ ಹತ್ತಿದ. ಮಾತು ಬಿಟ್ಟ. ಒಂದಿನ ಜೀವಾನೂ ಬಿಟ್ಟ. ಅವಂದು ಇದ್ದದ್ದು ಒಂದ ಫೋಟೋ. ಅವ್ವಗ ನೋಡಿ ಸಂಕಟ ಆಗಬಾರದಂತ ಅದರ ಮ್ಯಾಲೆ ಬಣ್ಣ ಹಚ್ಚಿದೆ. ಗಲ್ಲ ತುಂಬಿಸಿದೆ, ನಗು ಕೊಟ್ಟೆ. ಊರಿಗೆ ಒಯ್ದು ಕೊಟ್ಟರ, ಅವ್ವ ಬೆಳಕಿಗೆ ಹಿಡದು ನೋಡಿ, ‘ಛಲೋ ಐತಿ ಯಪ್ಪಾ, ಯಾರ ಮಗ ಇವ?’ ಅಂದಳು. ತಡಕೊಳ್ಳಲಾರದ ಬಣ್ಣ ಕೆರದೆ. ಫೋಟೋನೂ ಸುಲಕೊಂಡು ಬಂತು. ಈಗ ಕಣ್ಣು ಮುಚ್ಚಿದ್ರ ನನಗೂ ನಾ ತಿದ್ದಿದ ಮಾರೀನ ಬರತೈತಿ. ಅವ ಕುಂದ್ರೂ ರೀತಿ ಅಷ್ಟ ನೆನಪೈತಿ."

ಮುಂದಿನ ವಾರ ಅವರು ಕೊಟ್ಟ ಚಿತ್ರವನ್ನು ಬಹಳ ಹೊತ್ತು ನೋಡಲಾಗಲಿಲ್ಲ. ಪೇಟವೂ ಇಲ್ಲ, ನಗುವೂ ಇಲ್ಲ. "ಮಾರಿ ಆ ಕತಿ ಬರೆಯವರದ ಐತಿ. ಕುಂತಾಂವ ನಮ್ಮ ಮಲ್ಲ್ಯಾ. ಪುಸ್ತಕ ಆದಕೂಡಲೆ ಒಂದು ಪ್ರತಿ ಕೊಡು, ಅವ್ವಗ ತೋರಸಬೇಕು" ಎಂದರು.

ಆದಕೂಡಲೆ ಎಲ್ಲಿ! ನಮ್ಮ ಗುಂಪಿನ ಒಬ್ಬ ಪುಣೆಯ ಕಂಪನಿಗೆ ಹಾರಿದ, ಇನ್ನೊಬ್ಬಳಿಗೆ ವೀಸಾ ಬಂತು. ಪುಸ್ತಕ ಅಚ್ಚಾಗಲು ಎರಡು ವರ್ಷ ಹಿಡಿಯಿತು.

ಪ್ರತಿ ಸಿಕ್ಕ ದಿನವೇ ಶರಣಪ್ಪ ಬಸ್ಸು ಹತ್ತಿದರು. ತಾಯಿಯನ್ನು ನೋಡಿಕೊಳ್ಳಲು ಊರಲ್ಲೇ ನಿಂತರು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಊರಿನಿಂದ ಒಮ್ಮೆ ಫೋನು ಮಾಡಿದ್ದರು. ಅವರ ದನಿ ಕೇಳಿದ್ದು ಅದೇ ಕೊನೆಯ ಸಲ.

"ಈ ಎರಡು ವರ್ಷದಾಗ ಅವ್ವಂದು ಎರಡೂ ಕಣ್ಣು ಹೋಗ್ಯಾವ, ತಂಗಿ. ಯಾರೋ ಕತಿ ಬರೆಯವರ ಚಿತ್ರ ತೆಗದೀನಿ ಅಂತ ಪುಸ್ತಕ ಕೈಯಾಗ ಕೊಟ್ಟೆ. ಹಾಳಿ ಸವರಿ, ‘ಹ್ಯಾಂಗ ತೆಗದಿ, ಬಾಯಿಲೆ ಹೇಳು’ ಅಂದಳು. ಮಂಚದ ತುದಿಗೆ ಕುಂತಾನ, ಎರಡೂ ಕೈ ತೊಡಿ ಸಂದ್ಯಾಗ ಇಟ್ಕೊಂಡಾನ, ಮುಂದ ತಾಟಿನಾಗ ಉಣ್ಣಾಕ ಇಟ್ಟಾರ, ಕರದ್ರ ಓ ಅನವಲ್ಲ ಅಂತ ಹೇಳಿದೆ."

"ಅವ್ವ ಏನಂದರು?" ಎಂದು ಕೇಳಿದೆ.

"‘ಅನ್ನ ಆರತೈತಿ, ಏಳೋ ಮಲ್ಲ್ಯಾ’ ಅಂದಳು."